ಮಾದಯ್ಯನವರು ನೆಟ್ಟಗೆ ಮಾಡಿದ ಚೌಕಗಳು

ನನಗೆ ಎರಡು ಪ್ರಮೋಷನ್ ಬಂದವು. ಎರಡು ಸಲವೂ ಕುರ್ಚಿ ಅದೇ, ಫ್ಯಾನೂ ಅದೇ. ಆ ವಿಷಯ ಇಲ್ಲಿಗೆ ಮುಗಿಯಿತು.

ಈಗ ಡಿಸೈನ್ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಆಗಾಗ ತಿ. ನರಸೀಪುರದ ನಮ್ಮ ಮನೆಗೆ ಬಂದು, "ಆಂಟಿ, ನೀವು ಆ ಕಾಲದಲ್ಲೇ ಪ್ರೋಗ್ರಾಂ ಬರೆದು ಪ್ಯಾಟರ್ನ್ ಮಾಡ್ತಿದ್ರಂತೆ, ಹೌದಾ?" ಎಂದು ಕೇಳುತ್ತಾರೆ. ಕೇಳುವಾಗ ಅವರ ಮುಖದಲ್ಲಿ, ಈ ಯಮ್ಮ ಹಪ್ಪಳ ಸಂಡಿಗೆ ಮಾಡುವುದು ಬಿಟ್ಟು ಅದನ್ನೆಲ್ಲ ಯಾವಾಗ ಮಾಡಿತು ಎಂಬ ಅನುಮಾನ ಕಾಣುತ್ತದೆ. ಹಪ್ಪಳ ನನಗೆ ಬರುವುದಿಲ್ಲ. ಪ್ಯಾಟರ್ನ್ ಬರುತ್ತದೆ. ಅದು ಹೇಗೆ ಬಂತು ಎಂದು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ಎಡವಟ್ಟುಗಳೇ ಹೆಚ್ಚು. ಓದಿ ನಗಿ, ಪರವಾಗಿಲ್ಲ. ಆದರೆ ಅದೇ ಎಡವಟ್ಟನ್ನು ನೀವೂ ಮಾಡಿಕೊಂಡು ಬಂದು ನನ್ನ ಮುಂದೆ ಅಳಬೇಡಿ.

ನಾನು ಕೆಲಸ ಮಾಡಿದ್ದು ನಂಜನಗೂಡಿನ ಹೊರಗಿದ್ದ ಒಂದು ಬೆಡ್‌ಶೀಟ್ ಮಿಲ್ಲಿನಲ್ಲಿ. ಬಟ್ಟೆಯ ಮೇಲೆ ಹೂವು, ಬಳ್ಳಿ, ಮಾವಿನಕಾಯಿ ಅಚ್ಚು ಹಾಕುವುದು ಅಲ್ಲಿನ ಕಸುಬು. ಡಿಸೈನ್ ಸೆಕ್ಷನ್ ಎಂದರೆ ಬಾಯ್ಲರ್ ಮನೆಯ ಪಕ್ಕದ ಒಂದು ಉದ್ದನೆಯ ಕೋಣೆ, ಎರಡು ಇಳಿಜಾರು ಮೇಜು, ಮತ್ತು ನಾವಿಬ್ಬರು. ನಾನು ಗ್ರಾಫ್ ಹಾಳೆಯ ಮೇಲೆ ಚಿತ್ರ ಬರೆಯುವವಳು. ಮಾದಯ್ಯನವರು ಅದನ್ನು ಫಿಲ್ಮಿನ ಮೇಲೆ ಇಳಿಸುವವರು. ಆ ಫಿಲ್ಮಿನಿಂದ ಅಚ್ಚಿನ ಸ್ಕ್ರೀನ್ ಆಗುತ್ತದೆ, ಸ್ಕ್ರೀನಿನಿಂದ ಬಟ್ಟೆ. ಫಿಲ್ಮಿನಲ್ಲಿ ಸಾಸಿವೆಯಷ್ಟು ತಪ್ಪಿದ್ದರೂ ಥಾನುಗಟ್ಟಲೆ ಬಟ್ಟೆಯಲ್ಲಿ ಆ ಸಾಸಿವೆ ಕೂತಿರುತ್ತದೆ.

ಸೇರಿದ ಹೊಸದರಲ್ಲಿ ನಾನು ಅಂಚಿಗೆ ಗಿಳಿ ಸಾಲು ಬರೆದೆ. ಒಂದು ಚಿತ್ರ ಮುಗಿದು ಮತ್ತೆ ಅದೇ ಚಿತ್ರ ಶುರುವಾಗುವ ಕಡೆ ಗೆರೆಗೆ ಗೆರೆ ಕೂಡಬೇಕು, ಅದನ್ನು ರಿಪೀಟ್ ಅನ್ನುತ್ತಾರೆ. ನನ್ನ ರಿಪೀಟ್ ಕೂಡಲಿಲ್ಲ. ಬಟ್ಟೆ ಅಚ್ಚಾಗಿ ಬಂದಾಗ ಗಜಕ್ಕೊಂದು ಗಿಳಿಗೆ ತಲೆಯೇ ಇಲ್ಲ. ಆಗಿದ್ದ ಮೀಸೆ ಮ್ಯಾನೇಜರು ಬಟ್ಟೆ ಎತ್ತಿ ಹಿಡಿದು, "ಏನಮ್ಮಾ ನಾಗರತ್ನ, ಗಿಳಿ ಹಾಕು ಅಂದ್ರೆ ಕೋಳಿ ಅಂಗಡಿ ಹಾಕಿದ್ದೀಯಲ್ಲ!" ಎಂದರು. ಆ ಬಟ್ಟೆಯನ್ನು ಬಾಯ್ಲರ್ ಮನೆಯವರು ಎರಡು ವರ್ಷ ಕೈ ಒರೆಸಲು ಬಳಸಿದರು. ಎರಡು ವರ್ಷ ನಾನು ಆ ಬಾಗಿಲ ಮುಂದೆ ತಲೆ ಎತ್ತಿ ಓಡಾಡಲಿಲ್ಲ.

ಇನ್ನು ಮಾದಯ್ಯನವರ ವಿಷಯ. ಹೆಡತಲೆ ಎಂಬ ಊರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಮಾದಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ರತ್ನವ್ವ ಎನ್ನುತ್ತಿದ್ದರು. ಬಿಳಿ ಶರಟು, ಜೇಬಿನಲ್ಲಿ ಮೂಲೆಮಟ್ಟ. ಅದೇ, ಮೂರು ಮೂಲೆಯ ಸೆಟ್‌ಸ್ಕ್ವೇರು. ನಾವು ಬಾಚಣಿಗೆ ಇಟ್ಟುಕೊಳ್ಳುವ ಹಾಗೆ ಅವರು ಅದನ್ನು ಇಟ್ಟುಕೊಳ್ಳುತ್ತಿದ್ದರು. ಓರೆಯಾದದ್ದನ್ನು ಕಂಡರೆ ಆ ಮನುಷ್ಯನಿಗೆ ಮೈಯೆಲ್ಲ ಉರಿ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿ ಆಮೇಲೆ ಕೂರುವವರು. ನಮ್ಮ ಮಿಲ್ಲಿನವರ ಒಂದು ಮದುವೆಯಲ್ಲಿ ಪಂಕ್ತಿಯ ಬಾಳೆ ಎಲೆಗಳು ವಕ್ರವಾಗಿವೆ ಎಂದು ಈ ತುದಿಯಿಂದ ಆ ತುದಿಯವರೆಗೂ ಬಗ್ಗಿಕೊಂಡು ಸರಿಮಾಡುತ್ತಾ ಹೋದರು. ತುದಿ ಮುಟ್ಟುವಷ್ಟರಲ್ಲಿ ಅವರ ಜಾಗದಲ್ಲಿ ಬೇರೆ ಯಾರೋ ಕೂತು ಪಾಯಸಕ್ಕೆ ಬಂದಿದ್ದರು.

ಕಂಪ್ಯೂಟರು ಬಂದದ್ದು ಸದಾಶಿವಯ್ಯನವರು ಜಿ.ಎಂ. ಆಗಿ ಬಂದ ಮೇಲೆ. ಮೈಸೂರಿನವರು, ಒಳ್ಳೆಯವರೇ, ಆದರೆ ಮಾತು ಮುಗಿಯುವ ಮೊದಲೇ ತೀರ್ಮಾನ ಮಾಡಿಬಿಡುವ ಜನ. ಯಂತ್ರಕ್ಕೆ ಕುಂಕುಮ ಇಟ್ಟು, ಕಾಯಿ ಒಡೆದು, ಕಾಯಿ ನೀರು ಕೀಬೋರ್ಡಿನ ಮೇಲೆ ಸಿಡಿದು, ಮೊದಲ ವಾರ ಅದು ರಿಪೇರಿಗೆ ಹೋಯಿತು. ವಾಪಸ್ಸು ಬಂದ ಮೇಲೆ ನಾನು ನಮ್ಮೂರ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಸೇರಿ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಅಲ್ಲಿ ಉಳಿದವರೆಲ್ಲ ಪಿಯುಸಿ ಮಕ್ಕಳು. ಅವರು ಬಡ್ಡಿ ಲೆಕ್ಕ ಮಾಡಿದರು, ನಾನು ಮಾವಿನಕಾಯಿ ತಿರುಗಿಸುವುದನ್ನು ಮಾಡಿದೆ. ಮೇಷ್ಟ್ರು ನನ್ನ ಪರದೆ ನೋಡಿ, "ಮೇಡಂ, ಇದು ಸಿಲಬಸ್‌ನಲ್ಲಿ ಇಲ್ಲ" ಎಂದರು. ನಿಮ್ಮ ಸಿಲಬಸ್ಸಿಗೆ ಸಂಬಳ ಕೊಡೋರು ಯಾರು ಸ್ವಾಮಿ ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಒಂದು ವರ್ಷ ಹೂವಿನ ಬೆಡ್‌ಶೀಟು ಓಡಲಿಲ್ಲ. ಸದಾಶಿವಯ್ಯನವರು ನನ್ನನ್ನು ಕರೆಸಿದರು.

"ನೋಡಮ್ಮ, ಹೆಡ್ಡಾಫೀಸಿಂದ ಕಾಗದ ಬಂದಿದೆ. ಈಗ ಡಿಸೈನೆಲ್ಲ ಸಿ.ಡಿ.ಯಲ್ಲಿ ಸಿಗುತ್ತಂತೆ. ಈ ಸೀಸನ್ನಲ್ಲಿ ಹೊಸದಾಗಿ ಒಂದು ದೊಡ್ಡ ಆರ್ಡರ್ ತರಲಿಲ್ಲ ಅಂದ್ರೆ ನಿಮ್ಮ ಸೆಕ್ಷನ್ ಮುಚ್ತಾರೆ. ನಿನ್ನ ಸ್ಟೋರ್ಸಿಗೆ ಹಾಕ್ತೀನಿ."

"ಮಾದಯ್ಯನೋರು ಸಾರ್?"

"ಸ್ಟೀಮಿಂಗ್ ಶೆಡ್ಡಲ್ಲಿ ಒಂದು ಜಾಗ ಇದೆ. ಇನ್ನೆರಡು ವರ್ಷ ತಾನೇ ಸರ್ವೀಸು, ತಳ್ಳಲಿ."

ಸ್ಟೀಮಿಂಗ್ ಶೆಡ್ಡು ಎಂದರೆ ಬಣ್ಣ ಹಿಡಿಯಲು ಬಟ್ಟೆಯನ್ನು ಹಬೆಯಲ್ಲಿ ಬೇಯಿಸುವ ಜಾಗ. ಬಣ್ಣದ ವಾಸನೆ, ಹಬೆ, ಉಸಿರು ಕಟ್ಟುತ್ತದೆ. ಮಾದಯ್ಯನವರಿಗೆ ಮೊದಲೇ ಗೂರಲು. ಗೇಟಿನಿಂದ ನಮ್ಮ ಕೋಣೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಆ ಶೆಡ್ಡಿನಲ್ಲಿ ಅವರು ಎರಡು ವರ್ಷ ಅಲ್ಲ, ಎರಡು ತಿಂಗಳೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಸುದ್ದಿ ಹೇಳಿದಾಗ ಅವರು ಪೆನ್ಸಿಲ್ ಕೆತ್ತುತ್ತಲೇ, "ಶೆಡ್ಡಾ? ಅಂಗಾರೆ ನನ್ ಲೆಕ್ಕ ಮುಗೀತು ಬುಡವ್ವ" ಎಂದರು. ಆ ವಾರವೇ ಅವರಿಗೆ ಗೂರಲು ಜಾಸ್ತಿಯಾಗಿ ಹದಿನೈದು ದಿನ ರಜೆ ಹಾಕಿದರು.

ಅವರು ರಜೆಯಲ್ಲಿದ್ದಾಗಲೇ ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ಊರೂರಿನಲ್ಲಿ ಅಂಗಡಿ ಇಟ್ಟಿರುವವರು, ಬೆಡ್‌ಶೀಟು ಪರದೆ ಮಾರುವವರು. ಬ್ಯಾಗಿನಿಂದ ಒಂದು ಹಳೆಯ ಚಿತ್ರದ ಪ್ರತಿ ತೆಗೆದು ಮೇಜಿನ ಮೇಲೆ ಇಟ್ಟರು. ಸಾಲು ಸಾಲಾಗಿ ಚೌಕಗಳು. ಮೇಲಿನ ಸಾಲುಗಳು ಗಾರೆ ನೆಲದ ಹಾಗೆ ನೀಟು. ಕೆಳಗೆ ಬರುತ್ತಾ ಬರುತ್ತಾ ಒಂದೊಂದೇ ಚೌಕ ಸ್ವಲ್ಪ ವಾಲುತ್ತದೆ, ಆಮೇಲೆ ಇನ್ನಷ್ಟು, ಕೊನೆಯ ಸಾಲಿನಲ್ಲಿ ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ.

ಸದಾಶಿವಯ್ಯನವರು ಕನ್ನಡಕ ಏರಿಸಿ, "ಪ್ರಿಂಟಿಂಗ್‌ನಲ್ಲಿ ಹಾಳಾಗಿದೆಯಾ ಮೇಡಂ?" ಎಂದರು.

"ಇಲ್ಲ ಸರ್, ಇದು ಕಂಪ್ಯೂಟರ್ ಬರೆದ ಮೊದಮೊದಲ ಚಿತ್ರಗಳ ತರಹದ್ದು. ಒಂದು ಕಂಪ್ಯೂಟರ್ ಒಂದು ರೂಮಿನಷ್ಟು ದೊಡ್ಡದಾಗಿದ್ದ ಕಾಲದಲ್ಲಿ ಅದರ ಕೈಗೆ ಪೆನ್ನು ಕೊಟ್ಟು ಬರೆಸ್ತಿದ್ರು. ನಿಯಮ ಮನುಷ್ಯರದ್ದು, ಚಿತ್ರ ಮಿಶೀನಿಂದು. ಇದನ್ನ ಹಾಗೇ ಕಾಪಿ ಹೊಡೀಬೇಡಿ. ಇದೇ ರೀತಿಲಿ ಹೊಸದಾಗಿ ನೀವೇ ಹುಟ್ಟಿಸಿ ಕೊಡಿ. ಚೆನ್ನಾಗಿ ಬಂದ್ರೆ ವರ್ಷ ಪೂರ್ತಿ ಆರ್ಡರ್ ನಿಮಗೇ."

ಜಿ.ಎಂ. ನನ್ನನ್ನು ನೋಡಿದರು. "ಆಗುತ್ತೆ ಸಾರ್" ಎಂದುಬಿಟ್ಟೆ. ಶೆಡ್ಡಿನ ಹಬೆ ನೆನಪಾಗಿ ಬಾಯಿ ತಾನೇ ಹೇಳಿತು.

ಪ್ರೋಗ್ರಾಂ ಎಂದರೆ ಏನೂ ಬ್ರಹ್ಮವಿದ್ಯೆ ಅಲ್ಲ. ಒಂದು ಚೌಕ ಎಳಿ, ಪಕ್ಕಕ್ಕೆ ಸರಿ, ಇನ್ನೊಂದು ಎಳಿ. ಸಾಲು ತುಂಬಿದರೆ ಕೆಳಗಿಳಿ. ಇಳಿದಷ್ಟೂ ಚೌಕವನ್ನು ಹೆಚ್ಚು ಓರೆ ಮಾಡು. ಎಷ್ಟು ಓರೆ? ಅದನ್ನು ಯಂತ್ರ ತನ್ನ ಮನಸ್ಸಿಗೆ ಬಂದ ಹಾಗೆ ಆರಿಸಿಕೊಳ್ಳಲಿ. ಹೀಗೆ ಬರೆದು ಓಡಿಸಿದೆ. ಬಂದದ್ದು ನೋಡಿದರೆ ಯಾರೋ ಇಸ್ಪೀಟೆಲೆ ಚೆಲ್ಲಿ ಪೊಲೀಸರಿಗೆ ಹೆದರಿ ಓಡಿಹೋದ ಹಾಗಿತ್ತು. ಇನ್ನೊಂದು ಸಲ ಓಡಿಸಿದರೆ ಇನ್ನೊಂದು ಬಗೆಯ ರಂಪ. ಹತ್ತು ಸಲ ಓಡಿಸಿದರೆ ಹತ್ತು ರಂಪ. ಮೇಡಂ ತಂದ ಚಿತ್ರದಲ್ಲಿ ಚೌಕಗಳು ಮೆಲ್ಲಗೆ ದಾರಿ ತಪ್ಪುತ್ತಿದ್ದವು. ನನ್ನವು ಹುಟ್ಟುತ್ತಲೇ ಪೋಲಿಗಳು.

ನಾಲ್ಕನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಕ್ಯಾಂಟೀನಿನ ಹೆಂಗಸರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ನಾಲ್ಕು ಕವಡೆ ಎಸೆಯುವುದು. ಎಷ್ಟು ಕವಡೆ ಅಂಗಾತ ಬೀಳುತ್ತವೋ ಅಷ್ಟು ಮನೆ ನಡೆಸುವುದು. ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ಬಾರ. ನಾನು ಟೀ ಕುಡಿಯುತ್ತಾ ನೋಡುತ್ತಿದ್ದೆ. ಎರಡು, ಮೂರು, ಎರಡು, ಒಂದು, ಎರಡು. ಬಾರಕ್ಕೆ ಒದ್ದಾಡಿ ಸಾಯುತ್ತಿದ್ದರು, ಬೀಳುತ್ತಲೇ ಇರಲಿಲ್ಲ. ಬಿದ್ದಾಗ ಮಾತ್ರ ಮನೆ ಮಠ ಹಾರಿಹೋಗುವಂತೆ ಕಿರುಚಾಟ. ಅಯ್ಯೋ ನನ್ನ ಬುದ್ಧಿಗಿಷ್ಟು! ನನಗೆ ಬೇಕಾದದ್ದು ಇದೇ ಅಲ್ಲವೇ? ಬಹಳ ಚೌಕಗಳು ಒಂಚೂರು ವಾಲಬೇಕು. ಎಲ್ಲೋ ಒಂದು ಮಾತ್ರ ಪಲ್ಟಿ ಹೊಡೆಯಬೇಕು. ನನ್ನ ಯಂತ್ರಕ್ಕೆ ಎಲ್ಲ ಸಂಖ್ಯೆಯೂ ಸಮ, ಕವಡೆಗೆ ಹಾಗಲ್ಲ.

ಕವಡೆ ಇಸಕೊಂಡು ಇಬ್ಬರು ಹೆಂಗಸರನ್ನು ಕರೆದುಕೊಂಡು ಸೆಕ್ಷನ್ನಿಗೆ ಬಂದೆ. ಅವರು ಎಸೆಯುವುದು, ಬಿದ್ದ ಸಂಖ್ಯೆಗೆ ತಕ್ಕಷ್ಟು ಒಂದೊಂದು ಚೌಕವನ್ನು ವಾಲಿಸಿ ನಾನು ಗ್ರಾಫ್ ಹಾಳೆಯ ಮೇಲೆ ಬರೆಯುವುದು. ಸರಿಯಾಗಿ ಅದೇ ಹೊತ್ತಿಗೆ ಸದಾಶಿವಯ್ಯನವರು ಬಾಗಿಲಲ್ಲಿ ನಿಂತರು.

"ಭೇಷ್! ಡ್ಯೂಟಿ ಟೈಮಲ್ಲಿ ಕವಡೆ! ಇದೊಂದು ಬಾಕಿ ಇತ್ತು ನಮ್ಮ ಮಿಲ್ಲಿಗೆ."

"ಆಟ ಅಲ್ಲ ಸಾರ್, ಡಿಸೈನು."

"ಡಿಸೈನು? ನನ್ನ ಕಿವಿಗೆ ಹೂ ಇಡಬೇಡಮ್ಮ."

ಹಾಳೆ ತೋರಿಸಿದೆ. ನೋಡಿದರು. ಆಮೇಲೆ ಮೆಲ್ಲಗೆ, "ಬಾರ ಬಿದ್ರೆ ಏನಾಗುತ್ತೆ?" ಎಂದರು.

"ಪಲ್ಟಿ ಹೊಡೀತದೆ ಸಾ, ನೀವೂ ಒಂದ್ ಕಿತ ಎಸೀರಿ" ಎಂದಳು ಕ್ಯಾಂಟೀನಿನವಳು.

ಪ್ಯಾಂಟು ಮೇಲೆಳೆದುಕೊಂಡು ಜಿ.ಎಂ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದು ಇಡೀ ಸಾಲು ಎಸೆದರು. ಅದರಲ್ಲಿ ಎರಡು ಬಾರ ಬಿತ್ತು. ಆವತ್ತಿನಿಂದ ಬಂದವರಿಗೆಲ್ಲ ಆ ಹಾಳೆ ತೋರಿಸಿ, "ಈ ಸಾಲು ನಂದು" ಎನ್ನುತ್ತಿದ್ದರು.

ಕರೆಂಟು ಬಂದ ಮೇಲೆ ಆ ಕವಡೆಯ ನಿಯಮವನ್ನೇ ಪ್ರೋಗ್ರಾಮಿಗೆ ಹಾಕಿದೆ. ಎಂಟು ಹತ್ತು ಚಿತ್ರ ಬರೆಸಿದೆ. ಮೇಡಂ ಬಂದು ಒಂದನ್ನು ಎತ್ತಿಕೊಂಡು, "ಇದೇ. ಒಂದು ಗೆರೆ ಆಚೆ ಈಚೆ ಆಗಬಾರದು. ನಾನು ಫಾರಿನ್ನಿಗೆ ಹೋಗ್ತಿದ್ದೀನಿ, ಬಂದ ಕೂಡಲೇ ಬಟ್ಟೆ ಮೇಲೆ ನೋಡ್ತೀನಿ" ಎಂದು ಆ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ನಾನು ಕಂಪ್ಯೂಟರಿನಲ್ಲಿದ್ದ ಅದೇ ಚಿತ್ರವನ್ನು ಫಿಲ್ಮಿಗೆ ತೆಗೆಸಿದೆ.

ಹುಡುಗಿಯರೇ, ಇಲ್ಲಿ ಸ್ವಲ್ಪ ಕಣ್ಣು ಬಿಟ್ಟು ಓದಿ. ಚಿತ್ರ ಒಪ್ಪಿಗೆಯಾಯಿತಲ್ಲ, ಸುಮ್ಮನಿರಬೇಕೋ ಬೇಡವೋ? ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡೋಣ ಎಂಬ ಚಪಲ. ಪ್ರೋಗ್ರಾಮನ್ನು ತಿದ್ದಿದೆ, ಮತ್ತೆ ಓಡಿಸಿದೆ, ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಹಳೆಯ ಪ್ರೋಗ್ರಾಮೂ ಹೋಯಿತು, ಹಳೆಯ ಚಿತ್ರವೂ ಹೋಯಿತು. ಯಂತ್ರ ಯಾವ ಸಂಖ್ಯೆಯಿಂದ ತನ್ನ ಕವಡೆ ಎಸೆಯಲು ಶುರುಮಾಡಿತ್ತು ಎಂಬುದನ್ನೂ ಬರೆದಿಟ್ಟಿರಲಿಲ್ಲ. ಅದು ಗೊತ್ತಿದ್ದರೆ ಅದೇ ಚಿತ್ರ ಮತ್ತೆ ಬರುತ್ತದೆ, ಗೊತ್ತಿಲ್ಲದಿದ್ದರೆ ಇನ್ನೊಂದು ಜನ್ಮಕ್ಕೂ ಬರುವುದಿಲ್ಲ. ಆಗ ನನಗೆ ಅದರ ಚಿಂತೆಯೇ ಇಲ್ಲ. ಫಿಲ್ಮ್ ಇದೆಯಲ್ಲ!

ಮಾದಯ್ಯನವರು ರಜೆ ಮುಗಿಸಿ ಬಂದ ದಿನವೇ ನಾನು ತಂಗಿಯ ಮೈದುನನ ಮದುವೆಗೆ ಹುಲ್ಲಹಳ್ಳಿಗೆ ಹೊರಟಿದ್ದೆ. ಬಸ್ಸಿಗೆ ಹೊತ್ತಾಗಿತ್ತು. "ಮಾದಣ್ಣ, ಫಿಲ್ಮು ಮೇಜಿನ ಮೇಲಿದೆ. ತೂತುಗೀತು ಬಿದ್ದಿದ್ರೆ ಮುಚ್ಚಿಡಿ. ಈ ಆರ್ಡರ್ ಮೇಲೇ ನಮ್ಮ ಸೆಕ್ಷನ್ನು ನಿಂತಿರೋದು, ಹುಷಾರು" ಎಂದೆ. ಚಿತ್ರ ಹಾಗಿರುವುದು ಬೇಕಂತಲೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಆ ಮನುಷ್ಯ ಮೇಡಂ ತಂದ ಚಿತ್ರ ನೋಡಿದವರಲ್ಲ, ಕವಡೆ ಎಸೆದದ್ದು ಕಂಡವರಲ್ಲ. ನನ್ನ ತಲೆಯಲ್ಲಿ ಸೀರೆಯ ಚಿಂತೆ.

ಐದು ದಿನ ಬಿಟ್ಟು ಬಂದೆ. ಮಾದಯ್ಯನವರು ಬಾಗಿಲಲ್ಲೇ ಕಾಯುತ್ತಿದ್ದರು. ಕಣ್ಣು ಕೆಂಪು, ಬೆರಳಿಗೆ ಬ್ಲೇಡಿನ ಗಾಯ, ಮುಖದಲ್ಲಿ ಗೆದ್ದು ಬಂದ ಕಳೆ.

"ಬಾವ್ವ ಬಾ. ನೀ ಏನಾರ ಅಂಗೇ ಸ್ಕ್ರೀನಿಗೆ ಕಳ್ಸಿದ್ರೆ ನಮ್ ಮಾನ ಓಗದು. ಮ್ಯಾಲ್ಗಡೆ ಪರ್ವಾಗಿರ್ಲಿಲ್ಲ. ಕೆಳಿಕ್ ಬತ್ತಾ ಬತ್ತಾ ಮಿಸೀನ್ಗೆ ಸುಸ್ತಾಗದೆ ಕಣವ್ವ, ಒಂದೂ ನೆಟ್ಗಿಲ್ಲ! ಕೆರುದು, ಮೂಲೆಮಟ್ಟ ಇಟ್ಟು, ಎಲ್ಲಾನೂ ಸರಿ ಮಾಡ್ಬುಟ್ಟಿವ್ನಿ. ನೋಡೀಗ."

ನೋಡಿದೆ. ಮೇಲಿನಿಂದ ಕೆಳಗಿನವರೆಗೆ, ಇನ್ನೂರು ಚಿಲ್ಲರೆ ಚೌಕಗಳು ಪೆರೇಡಿಗೆ ನಿಂತ ಪೊಲೀಸರ ಹಾಗೆ ನಿಂತಿದ್ದವು. ಕೂದಲಷ್ಟು ಓರೆ ಇಲ್ಲ. ಗೂರಲಿನ ಎದೆ ಹಿಡಿದುಕೊಂಡು, ಬ್ಲೇಡಿನಲ್ಲಿ ಒಂದೊಂದೇ ಗೆರೆ ಕೆರೆದು, ಮತ್ತೆ ಕುಂಚ ಹಿಡಿದು ಎಳೆದಿದ್ದರು. ಇಷ್ಟು ಚೆಂದದ ಕೆಲಸ ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

"ಮಾದಣ್ಣಾ, ಮನೆ ಹಾಳಾಯ್ತಲ್ಲೋ!" ಎಂದು ಕಿರುಚಿದೆ. ವಯಸ್ಸಿನಲ್ಲಿ ಹಿರಿಯರು ಎಂಬುದೂ ಮರೆತುಹೋಗಿತ್ತು. ಆಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೇಡಂ ವಿಷಯ, ಕವಡೆ ವಿಷಯ, ನಾನು ಅದೇ ಹೆಸರಿನಲ್ಲಿ ಸೇವ್ ಮಾಡಿದ ವಿಷಯ. ಒಪ್ಪಿದ ಹಾಳೆ ಮೇಡಂ ಬ್ಯಾಗಿನಲ್ಲಿ ಫಾರಿನ್ನಿನಲ್ಲಿದೆ. ಪ್ರತಿ ಕಳಿಸಿ ಎಂದು ಕೇಳಿದರೆ ಕಳೆದುಕೊಂಡಿದ್ದೇವೆ ಎಂದು ತಾನೇ ತಾನಾಗಿ ಗೊತ್ತಾಗುತ್ತದೆ, ಆರ್ಡರ್ ಹೋಗುತ್ತದೆ.

ಮಾದಯ್ಯನವರು ಸ್ಟೂಲಿನ ಮೇಲೆ ಕುಸಿದು ಕೂತರು. ಉಸಿರು ಸುಂಯ್ ಸುಂಯ್ ಎನ್ನುತ್ತಿತ್ತು. "ಬೇಕಂತ್ಲೇನಾ?" ಎಂದರು. "ಬೇಕಂತ್ಲೇ ಅಂಗೆ ಸೊಟ್ಟ ಬರ್ಸಿದ್ರಾ? ಅಯ್ಯೋ ಸಿವನೆ. ಅಂಗಾರೆ ನಾನೇ ನನ್ ಕೈಯಾರೆ ಶೆಡ್ಡಿಗೆ ದಾರಿ ಮಾಡ್ಕಂಡ್ನಾ?"

ನನಗೆ ಅಳು ಬಂತು. ನೆಟ್ಟಗೆ ಮಾಡಿದವರ ತಪ್ಪಲ್ಲ, ಹೇಳದೆ ಹೋದವಳ ತಪ್ಪು. ಅದನ್ನು ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಎದ್ದು ಹೋಗಿ ಬೀರುವಿನಿಂದ ಒಂದು ರಟ್ಟಿನ ಪುಸ್ತಕ ತಂದು ನನ್ನ ಮುಂದೆ ಹಾಕಿದರು.

"ಇದ್ರಿಂದ ಏನಾರ ಆದದಾ ನೋಡವ್ವ."

ತಿದ್ದುಪಡಿ ಪುಸ್ತಕ. ಆ ಮೀಸೆ ಮ್ಯಾನೇಜರ ಕಾಲದ ಒಂದು ಕಾನೂನು: ಫಿಲ್ಮಿನಲ್ಲಿ ಏನೇ ತಿದ್ದಿದರೂ ಯಾವ ಜಾಗ, ಎಷ್ಟು ತಪ್ಪಿತ್ತು, ಕಾರಣ ಏನು ಎಂದು ಬರೆಯಬೇಕು. ಮ್ಯಾನೇಜರು ರಿಟೈರಾಗಿ ಹೋಗಿ ಎಷ್ಟೋ ಕಾಲವಾಗಿತ್ತು. ಆ ಪುಸ್ತಕವನ್ನು ಯಾರೂ ಕೇಳಿರಲಿಲ್ಲ, ಪಕ್ಕದ ಮೇಜಿನ ನಾನೂ ಒಂದು ದಿನವೂ ತೆರೆದು ನೋಡಿರಲಿಲ್ಲ. ಮಾದಯ್ಯನವರು ಮಾತ್ರ ಬರೆಯುತ್ತಲೇ ಬಂದಿದ್ದರು. ತೆರೆದೆ. ಮುತ್ತಿನಂಥ ಅಕ್ಷರ. "ಸಾಲು ಏಳು, ಚೌಕ ನಾಲ್ಕು. ಬಲಕ್ಕೆ ಹನ್ನೊಂದು ಡಿಗ್ರಿ ಓರೆ. ನೆಟ್ಟಗೆ ಮಾಡಲಾಗಿದೆ. ಕಾರಣ: ಯಂತ್ರದ ಅಜಾಗ್ರತೆ." ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಪುಟಗಟ್ಟಲೆ. ಹಾಳಾಗಿಹೋದ ಇಡೀ ಚಿತ್ರ ದೂರಿನ ರೂಪದಲ್ಲಿ ಅಲ್ಲಿ ಕೂತಿತ್ತು!

ನಾನು ಹಾಗೇ ಬಗ್ಗಿ ಅವರ ಕಾಲು ಮುಟ್ಟಿದೆ. "ಏ ಬುಡವ್ವ, ಏನಿದು ಗ್ರಾಚಾರ" ಎಂದು ಹಿಂದಕ್ಕೆ ಜಿಗಿದರು, ಗೂರಲನ್ನೂ ಮರೆತು.

ಮೂರು ದಿನ ಅವರು ಓದಿದರು, ನಾನು ಯಂತ್ರಕ್ಕೆ ತುಂಬಿದೆ. ಜಿ.ಎಂ. ಬಂದಾಗಲೆಲ್ಲ ಫಿಲ್ಮು ತೊಳೀತಿದ್ದೀವಿ ಸಾರ್ ಎಂದೆವು. ನಗು ತಡೆಯುವುದೇ ಕಷ್ಟ. ಮೇಲಿನ ಸಾಲುಗಳಲ್ಲಿ ಮಾದಯ್ಯನವರಿಗೆ ಇನ್ನೂ ತಾಳ್ಮೆ ಇತ್ತು, ಕಾರಣ ಅಜಾಗ್ರತೆ ಎಂದು ಬರೆದಿದ್ದರು. ಹತ್ತನೆಯ ಸಾಲಿಗೆ "ಕಾರಣ: ಸೋಮಾರಿತನ" ಆಗಿತ್ತು. ಹದಿನಾಲ್ಕನೆಯ ಸಾಲಿನಲ್ಲಿ "ಕಾರಣ: ಹೇಳುವವರು ಕೇಳುವವರು ಇಲ್ಲ". ಒಂದು ಬಾರ ಬಿದ್ದು ತಲೆಕೆಳಗಾಗಿದ್ದ ಚೌಕದ ಮುಂದೆ "ಕಾರಣ: ಶ್ರೀಕಂಠೇಶ್ವರನೇ ಬಲ್ಲ" ಎಂದಿತ್ತು. ಅದನ್ನು ಅವರು ಗಂಭೀರವಾಗಿ ಓದಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದೆ.

ಹದಿನೇಳನೆಯ ಸಾಲಿನಲ್ಲಿ ಓದುವುದು ನಿಂತಿತು. ಐದನೆಯ ಚೌಕದ ಮುಂದೆ ಶಾಯಿ ಕಲಸಿಹೋಗಿತ್ತು. ಹಣೆಯ ಬೆವರು ಬಿದ್ದಿರಬೇಕು. ಡಿಗ್ರಿ ಇಲ್ಲ, ಎಡವೋ ಬಲವೋ ಅದೂ ಇಲ್ಲ.

"ಇರಲಿ ಬಿಡಿ, ಕವಡೆ ಎಸೆಯೋಣ" ಎಂದೆ.

"ಬ್ಯಾಡ. ಕೆಡಿಸ್ದೋನು ನಾನು. ಅದೊಂದ್ನ ನಾನೇ ಬರೀತೀನಿ."

ಹೊಸ ಫಿಲ್ಮಿನಲ್ಲಿ ಆ ಒಂದು ಜಾಗ ಖಾಲಿ ಬಿಟ್ಟು ಅವರ ಮುಂದೆ ಇಟ್ಟೆ. ಮೊದಲು ಬೇರೆ ಹಾಳೆಯ ಮೇಲೆ ಅಭ್ಯಾಸ. ಒಂದು ಎಳೆದರು, ನೆಟ್ಟಗೆ ಬಂತು. ಇನ್ನೊಂದು ಎಳೆದರು, ಇನ್ನೂ ನೆಟ್ಟಗೆ. ಎಡಗೈಯಲ್ಲಿ ಎಳೆಯಿರಿ ಎಂದೆ. ಎಡಗೈಯಲ್ಲೂ ನೆಟ್ಟಗೆ! ಕಣ್ಣು ಮುಚ್ಚಿ ಎಂದೆ. ಮುಚ್ಚಿದರು, ಕಾಲು ಡಿಗ್ರಿ ವಾಲಿತು, ಕಣ್ಣು ಬಿಟ್ಟ ಕೂಡಲೇ ಕೈ ತಾನಾಗಿ ರಬ್ಬರಿನ ಕಡೆ ಹೋಯಿತು. "ನನ್ ಕೈಲಾಗಲ್ಲ ಕಣವ್ವ, ಮೈಯೇ ಒಪ್ಪಲ್ಲ" ಎಂದು ಬೆವರೊರೆಸಿಕೊಂಡರು. ನನಗೆ ನಗುವೂ ಬರುತ್ತಿತ್ತು, ಪಾಪ ಎಂದೂ ಅನಿಸುತ್ತಿತ್ತು.

ಕೊನೆಗೆ ಅವರು ಮೂಲೆಮಟ್ಟವನ್ನು ನನ್ನ ಕೈಗೆ ಕೊಟ್ಟು, ಅಕ್ಕಪಕ್ಕದ ಚೌಕಗಳನ್ನೇ ನೋಡುತ್ತಾ ಕೂತರು.

"ನೋಡು, ಎಡಗಡೆಯೋನು ಇವನ್ ಮ್ಯಾಕೆ ಬೀಳ್ತಾವ್ನೆ. ಬಲಗಡೆಯೋನೂ ಇತ್ಲಾಗೇ ವಾಲ್ತಾವ್ನೆ. ಚಿಕ್ಕಯ್ಯನಛತ್ರದ ಬಸ್ಸಲ್ಲಿ ಮೂವರ ಸೀಟ್ನಲ್ಲಿ ನಡುವೆ ಸಿಕ್ಕಂಡಂಗೆ. ಇವ ನೆಟ್ಗೆ ಕುಂತ್ಕಳಕ್ ಆದದಾ? ವಸಿ ಭುಜ ತಿರುಗಿಸ್ಲೇಬೇಕು ಪಾಪ."

ಹೇಳುತ್ತಲೇ ಕುಂಚ ಹಿಡಿದು ಎಳೆದುಬಿಟ್ಟರು. ನಾಲ್ಕು ಗೆರೆ. ಚೌಕ ಅಕ್ಕಪಕ್ಕದವರಿಂದ ತಪ್ಪಿಸಿಕೊಳ್ಳಲು ಭುಜ ಓರೆ ಮಾಡಿಕೊಂಡಂತೆ ಕೂತಿತು. ಸ್ಕ್ರೀನ್ ಆಯಿತು, ಬಟ್ಟೆ ಆಯಿತು.

ಮೇಡಂ ಬಂದರು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ತಮ್ಮ ಹಾಳೆ ಇಟ್ಟುಕೊಂಡು, ಸಾಲು ಸಾಲಾಗಿ ಬೆರಳಿಟ್ಟು ನೋಡತೊಡಗಿದರು. ಸದಾಶಿವಯ್ಯನವರು ಎಳನೀರು ತರಿಸಿಟ್ಟಿದ್ದರು. ಮಾದಯ್ಯನವರು ಗೋಡೆಗೆ ಒರಗಿ ನಿಂತಿದ್ದರು. ಹತ್ತು, ಹನ್ನೆರಡು, ಹದಿನೈದು. ಹದಿನೇಳನೆಯ ಸಾಲಿನಲ್ಲಿ ಬೆರಳು ನಿಂತಿತು.

"ಇದೊಂದು ಬೇರೆ ಇದೆಯಲ್ಲ."

ಸದಾಶಿವಯ್ಯನವರು ಎಳನೀರು ಕೆಳಗಿಟ್ಟರು. "ಹೌದಾ? ಯಾವನೋ ಬೇಜವಾಬ್ದಾರಿ ಮಾಡಿದ್ದಾನೆ ಮೇಡಂ, ಯಾರು ಅಂತ ಈಗಲೇ..."

ನನ್ನಿಂದ ಆದದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾದಯ್ಯನವರು ಗೋಡೆ ಬಿಟ್ಟು ಮುಂದೆ ಬಂದರು.

"ನಾನು ಸಾ. ಅದ್ನ ನಾನು ಬರ್ದಿದ್ದು."

ಮತ್ತೆ ತಾವೇ ಎಲ್ಲವನ್ನೂ ಹೇಳಿದರು. ನೆಟ್ಟಗೆ ಮಾಡಿದ್ದು, ಪುಸ್ತಕ, ಬೆವರು, ಬಸ್ಸಿನ ಸೀಟು. ಒಂದನ್ನೂ ಮುಚ್ಚಿಡಲಿಲ್ಲ. ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದರು. ನಾನು ಅವರ ಪಕ್ಕಕ್ಕೆ ಹೋಗಿ ನಿಂತು, "ಅದೇ ಹೆಸರಲ್ಲಿ ಸೇವ್ ಮಾಡಿ ಕೆಡಿಸಿದ್ದು ನಾನು ಮೇಡಂ" ಎಂದೆ. ಸದಾಶಿವಯ್ಯನವರು ಒಮ್ಮೆ ನನ್ನನ್ನು, ಒಮ್ಮೆ ಬಾಗಿಲನ್ನು ನೋಡಿದರು. ಮೇಡಂ ಪುಸ್ತಕ ತರಿಸಿ ತಿರುವಿ ಹಾಕಿದರು. ಒಂದು ಪುಟದಲ್ಲಿ ಜೋರಾಗಿ ನಕ್ಕುಬಿಟ್ಟರು, ಶ್ರೀಕಂಠೇಶ್ವರ ಸಿಕ್ಕಿರಬೇಕು. ಆಮೇಲೆ ಮತ್ತೆ ಆ ಚೌಕದ ಮೇಲೆ ಬೆರಳಿಟ್ಟರು.

"ಮಿಕ್ಕಿದ್ದೆಲ್ಲ ಮಿಶೀನ್ ಬರೆದದ್ದಾ?"

"ಊಂ ಕಣಮ್ಮ. ಅದೊಂದು ನಂದು."

"ಹಾಗಾದ್ರೆ ಅದು ಹಾಗೇ ಇರಲಿ" ಎಂದು ಬಟ್ಟೆಯ ಮೂಲೆಗೆ ಸಹಿ ಹಾಕಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಆ ಮನುಷ್ಯ ಬೇರೆಯವರ ಗೆರೆಯ ಮೇಲೆ ಗೆರೆ ಎಳೆದಿದ್ದರು. ನಂದು ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ ಮೊದಲು.

ಸೆಕ್ಷನ್ನು ಉಳಿಯಿತು. ಮಾದಯ್ಯನವರು ತಮ್ಮ ಸ್ಟೂಲಿನ ಮೇಲೆ ಕೂತೇ ಎರಡು ವರ್ಷ ಮುಗಿಸಿ, ಹಾರ ಹಾಕಿಸಿಕೊಂಡು ಮನೆಗೆ ಹೋದರು. ಹಾರ ಒಂದು ಕಡೆ ಉದ್ದ ಬಂದಿತ್ತು, ಫೋಟೋಗೆ ಮುಂಚೆ ಸರಿ ಮಾಡಿಕೊಂಡರು. ಆ ಬೆಡ್‌ಶೀಟು ಚೆನ್ನಾಗಿಯೇ ಓಡಿತು. ಮೈಸೂರಿನಲ್ಲಿ ಒಂದಿಬ್ಬರು ಮಾತ್ರ, ಪ್ರಿಂಟು ಸೊಟ್ಟಗಿದೆ, ಬೇರೆ ಕೊಡಿ ಎಂದು ಅಂಗಡಿಗೆ ವಾಪಸ್ಸು ತಂದರಂತೆ. ಆಮೇಲೆ ನಾನು ಆ ಬಗೆಯ ಡಿಸೈನು ಎಷ್ಟೋ ಮಾಡಿದೆ. ಅಲೆಯ ಗೆರೆ, ಒಡೆದ ಬಳೆಯಂಥ ವೃತ್ತ, ಒಂದರೊಳಗೊಂದು ಕೂತ ತ್ರಿಕೋನ. ಪ್ರತಿಯೊಂದಕ್ಕೂ ಶುರುವಿನ ಸಂಖ್ಯೆ ಬರೆದಿಟ್ಟೆ, ತಿದ್ದಿದಾಗಲೆಲ್ಲ ಬೇರೆ ಹೆಸರು ಕೊಟ್ಟೆ, ಫಿಲ್ಮು ಕೊಡುವಾಗ ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿ ಕೊಟ್ಟೆ. ಈಗ ನಿಮಗೆ ಯಂತ್ರವೇ ಎಲ್ಲ ನೆನಪಿಟ್ಟುಕೊಳ್ಳುತ್ತದಂತೆ. ಆದರೂ ಒಂದು ಪುಸ್ತಕದಲ್ಲಿ ಬರೆದಿಡಿ.

ಅವರು ರಿಟೈರಾದ ಮೇಲೆ ಒಮ್ಮೆ ಹೆಡತಲೆಗೆ ಹೋಗಿದ್ದೆ. ಅವರ ಹೆಂಡತಿ ಬಾಳೆಹಣ್ಣು, ಕಾಫಿ ತಂದರು. ಮಂಚದ ಮೇಲೆ ನಮ್ಮ ಅದೇ ಬೆಡ್‌ಶೀಟು ಹಾಸಿತ್ತು. "ಇದ್ನ ನನ್ ಕೈಲಿ ಒಗ್ಯಾಕೆ ಕೊಡಲ್ಲ ಕಣಕ್ಕ, ಬಣ್ಣ ಓಯ್ತದಂತೆ, ತಾನೇ ಒಕ್ಕತ್ತದೆ ಈ ಮನ್ಸ" ಎಂದು ಆಕೆ ದೂರಿದರು. ನಾನು ನಗುತ್ತಾ ಮಂಚದ ಮೇಲೆ ಕೂತು ಕಾಫಿ ಲೋಟ ಎತ್ತಿಕೊಂಡೆ. ಮಾದಯ್ಯನವರು ಎದುರಿನ ಕುರ್ಚಿಯಲ್ಲಿ ಕೂತು ಏನೋ ಹೇಳಲೋ ಬೇಡವೋ ಎಂದು ಒಂದಷ್ಟು ಹೊತ್ತು ಒದ್ದಾಡಿದರು. ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟರು:

"ರತ್ನವ್ವ, ತೆಪ್ ತಿಳ್ಕಬ್ಯಾಡ. ವಸಿ ಆ ಕಡಿಕ್ ಸರ್ಕೊಂಡು ಕೂತ್ಕೋ. ನಂದರ ಮ್ಯಾಕೇ ಕುಂತಿದ್ದೀಯೆ."